ಚಳಿಗೆ ನಿಲ್ಲುವ ವಾಚು

ನಮ್ಮ ಚಿಕ್ಕಪ್ಪನ ವಾಚಿಗೆ ಚಳಿಯಾಗುತ್ತದೆ. ನಗಬೇಡಿ. ಮಾಗಿ ಬಂತೆಂದರೆ ಬೆಳಗಿನ ಜಾವ ಅದರ ಮುಳ್ಳುಗಳು ಎಲ್ಲಿದ್ದವೋ ಅಲ್ಲೇ ಮುದುರಿಕೊಂಡು ಮಲಗುತ್ತವೆ. ಬಿಸಿಲಿಗೆ ಮೈ ಕಾದ ಮೇಲೆಯೇ ಮತ್ತೆ ಟಿಕ್ ಟಿಕ್. ಈ ಒಂದು ಗುಣದಲ್ಲಿ ಅದು ನಿನ್ನ ಒಡಹುಟ್ಟು ಎಂದು ಚಿಕ್ಕಪ್ಪ ನನಗೆ ಹೇಳುತ್ತಿದ್ದ.

ಚಿಕ್ಕಪ್ಪ ಹೋಗಿ ವರ್ಷವಾಗುತ್ತ ಬಂತು. ಮದುವೆಯಾಗದ ಆತ, ಅಪ್ಪ ಅಮ್ಮ ಇಲ್ಲದ ನಾನು, ತಿಪಟೂರಿನ ಮಂಡಿಗಳ ಹಿಂದಿನ ಮನೆಯಲ್ಲಿ ಇಬ್ಬರೇ ಇದ್ದೆವು. ಆತ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ. ನಾನು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದೆ, ಈಗಲೂ ತೋರಿಸುತ್ತೇನೆ. ಆದರೆ ನನ್ನ ನಿಜವಾದ ಉದ್ಯೋಗ ಊರವರನ್ನು ಅಣಕಿಸುವುದು. ಸಂಜೆ ಮನೆಗೆ ಬಂದವನೇ ಕಿಬ್ಬನಹಳ್ಳಿ ಬಸ್ಸಿನ ಕಂಡಕ್ಟರಾಗಿ ಬಾಗಿಲಿಗೆ ಜೋತುಬೀಳುತ್ತಿದ್ದೆ. ಚಿಕ್ಕಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ತಪ್ಪು ಹಿಡಿಯುತ್ತಿದ್ದ. "ಎಲ್ಲ ಸರಿ, ಚಿಲ್ರೆ ಇಲ್ಲ ಅನ್ನಕ್ ಮುಂಚೆ ಅವ್ನು ಕೆಮ್ತಾನೆ. ಅದನ್ನೇ ಬುಟ್ಟೆ ಕಣ್ಲಾ!"

ಅಣಕಕ್ಕೆ ಅಸಲನ್ನು ಬಲ್ಲವರೊಬ್ಬರು ಎದುರಿಗೆ ಕೂತಿರಬೇಕು. ಈಗಲೂ ನಾನು ಊರಿಗೆ ಊರನ್ನೇ ಮನೆಯೊಳಗೆ ಮಾತಾಡಿಸಬಲ್ಲೆ. ಅಕ್ಕಿಯನ್ನು ಮಾತ್ರ ಒಬ್ಬನಿಗೇ ಅಳೆದು ಹಾಕುತ್ತೇನೆ.

ಈ ಮಾಗಿಯಲ್ಲಿ ವಾಚು ಬಿಸಿಲೇರಿದರೂ ಏಳಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕ ವಾಚು ರಿಪೇರಿ ಮಾಡುವ ಬಾಷಾ ಸಾಬರ ಹತ್ತಿರ ಒಯ್ದೆ. ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಮೂಸಿ ನೋಡಿದರು.

"ಅರೆ! ಯಾರಪ್ಪ ಇದಕ್ಕೆ ಕೊಬ್ರಿ ಎಣ್ಣೆ ಬಿಟ್ಟೋರು? ವಾಚಾ ಇದು, ತಲೆಯಾ?"

"ನಮ್ಮ ಚಿಕ್ಕಪ್ಪ ಕಣ್ರೀ."

"ನಿಮ್ ಜನಕ್ಕೆ ಬಾಗ್ಲು ಕಿರುಗುಟ್ಟಿದ್ರೂ ಅದೇ, ಮಗು ಅತ್ರೂ ಅದೇ!"

ಮಾತು ನಿಜವೇ. ನಮ್ಮ ಸೀಮೆಯಲ್ಲಿ ಸೈಕಲ್ ಚೈನಿಗೂ ದೇವರ ದೀಪಕ್ಕೂ ಒಂದೇ ಬಾಟಲಿ. ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಬಾಟಲಿಯನ್ನು ಬಿಸಿಲಿಗಿಡುತ್ತೇವೆ. ಅದೇ ಎಣ್ಣೆ ವಾಚಿನ ಹಲ್ಲುಚಕ್ರಗಳ ನಡುವೆಯೂ ಹೆಪ್ಪುಗಟ್ಟೀತೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಚಿಕ್ಕಪ್ಪ ಚಳಿಗಾಲವಿಡೀ "ಲೇ, ಟೈಮೆಷ್ಟ್ಲಾ?" ಎಂದು ಕೂಗುತ್ತಿದ್ದ. ನಾನು ಕಂಬಳಿಯೊಳಗಿಂದ ರೇಡಿಯೋ ವಾರ್ತೆಯವರ ಗತ್ತಿನಲ್ಲಿ ಬಾಯಿಗೆ ಬಂದ ಟೈಮು ಸಾರುತ್ತಿದ್ದೆ. ಆತ ನಂಬುತ್ತಿರಲಿಲ್ಲ. ಜಗಳ, ಕಾಫಿ, ಬೆಳಗು.

"ಪೆಟ್ರೋಲಲ್ಲಿ ತೊಳೆದ್ರೆ ಹೊಸದರ ಥರ ಓಡ್ತದೆ. ಎಣ್ಣೆ ಒಂದ್ ತೊಟ್ಟೂ ಉಳಿಯಲ್ಲ. ತೊಳೀಲಾ?" ಎಂದರು ಸಾಬರು.

ಬಿಚ್ಚಿದ್ದ ವಾಚಿನೊಳಗೆ ಬಗ್ಗಿ ನೋಡಿದೆ. ಚಿಕ್ಕಪ್ಪನ ಪಂಚೆ, ಷರಟು ಯಾರ‍್ಯಾರಿಗೋ ಹೋದವು. ಆತ ಕಡ್ಡಿಯ ತುದಿಯಲ್ಲಿ ಉಸಿರು ಹಿಡಿದು ಬಿಟ್ಟ ಆ ತೊಟ್ಟು ಮಾತ್ರ ಬಿಟ್ಟಲ್ಲೇ ಇದೆ. ಅದನ್ನು ತೊಳೆಸಿದರೆ ನನ್ನ ಕೈಯಲ್ಲಿ ಬರೀ ಒಂದು ವಾಚು ಉಳಿಯುತ್ತದೆ.

"ಯೋಚ್ನೆ ಮಾಡಿ ಹೇಳ್ತೀನಿ."

"ಯೋಚ್ನೆ ಮಾಡಕ್ಕೆ ಇದೇನ್ ಹೆಣ್ಣು ನೋಡೋ ಶಾಸ್ತ್ರನಾ?" ಎಂದು ಮುಚ್ಚಳ ಹಾಕಿಕೊಟ್ಟರು.

ಹಿಂದೆ ಗಳಿಗೆಬಟ್ಟಲು ಅಂತ ಇತ್ತಂತೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಲ್ಲಿ ತೇಲಿಬಿಡುವುದು. ತುಂಬಿ ಮುಳುಗಿದರೆ ಒಂದು ಗಳಿಗೆ. ಮುಳುಗಿದ್ದನ್ನು ಎತ್ತಿ ಮತ್ತೆ ತೇಲಿಬಿಡಲು ಪಕ್ಕದಲ್ಲಿ ಒಬ್ಬ ಕೂತಿರಲೇಬೇಕು. ಆಗ ಕಾಲ ಕೂಡ ಒಬ್ಬಂಟಿಯಾಗಿ ಸಾಗುತ್ತಿರಲಿಲ್ಲ. ಮನುಷ್ಯರ ಗೊಡವೆಯೇ ಇಲ್ಲದೆ ತನ್ನಷ್ಟಕ್ಕೆ ತಾನು ಸರಿಯಾಗಿ ನಡೆಯುವ ಗಡಿಯಾರ ಆಮೇಲೆ ಬಂದದ್ದು.

ಹೀಗೆಲ್ಲ ಪಂಡಿತನಂತೆ ಯೋಚಿಸುತ್ತ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ದಂಡಿನಶಿವರದ ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬಳು ನನ್ನ ಮಣಿಕಟ್ಟು ನೋಡಿ ಟೈಮು ಕೇಳಿದಳು.

"ವಾಚು ನಿಂತೋಗದೆ ಕಣಜ್ಜಿ."

"ನಿಂತೋಗಿರೋದ್ನ ಯಾಕಪ್ಪ ಕಟ್ಕಂಡಿದ್ದೀಯ, ಬಳೆನಾ ಅದು?"

ಕಾರಣ ಹೇಳಲೇಬೇಕಾಯಿತು. ಅಕ್ಕಿ ಡಬ್ಬದಲ್ಲಿಕ್ಕು ಎಂದಳು ಅಜ್ಜಿ. ಪಕ್ಕದವನೊಬ್ಬ, ಬೆಚ್ಚಗೆ ಬೂದಿಯಲ್ಲಿಕ್ಕು ಎಂದ. ಕಡಲೆಕಾಯಿ ಮಾರುವವನಿಗೆ ಇಬ್ಬರ ಮಾತೂ ಒಪ್ಪಿಗೆಯಾಗಲಿಲ್ಲ. ಚಿಕ್ಕಪ್ಪ ಎಂಥವನು, ಏನಾಗಿತ್ತು, ಈಗ ಅಡಿಗೆ ಯಾರು ಮಾಡುತ್ತಾರೆ, ಎಲ್ಲ ವಿಚಾರಣೆಯಾಗುವಷ್ಟರಲ್ಲಿ ಬಸ್ಸು ಬಂದು ಹೊರಟೇಹೋಯಿತು. "ನಿನ್ ಚಿಕ್ಕಪ್ಪನ ಎಣ್ಣೆಗೆ ನನ್ ಬಸ್ ಹೋಯ್ತಲ್ಲೋ!" ಎಂದು ಬೈದು, ಅಜ್ಜಿ ಅಲ್ಲೇ ಕಟ್ಟೆಯ ಮೇಲೆ ನನಗೂ ಜಾಗ ಬಿಟ್ಟು ಕೂತಳು. ಅಷ್ಟು ಹೊತ್ತು ನಾನು ಯಾರ ದನಿಯನ್ನೂ ಸಾಲ ಮಾಡದೆ ಮಾತಾಡಿದ್ದು ಚಿಕ್ಕಪ್ಪ ಹೋದ ಮೇಲೆ ಅದೇ ಮೊದಲು.

ವಾಚು ಸರಿಯಿದ್ದಿದ್ದರೆ "ಎಂಟೂವರೆ" ಎನ್ನುತ್ತಿದ್ದೆ, ಅವಳು "ಹೂಂ" ಎನ್ನುತ್ತಿದ್ದಳು. ಅಷ್ಟೇ.

ಮಾರನೆಯ ದಿನ ಬಾಷಾ ಸಾಬರಿಗೆ ತೊಳೆಯುವುದು ಬೇಡ ಎಂದು ಹೇಳಿ ಬಂದೆ. "ಬುಡಪ್ಪ, ಬೇಸಿಗೆ ಬಂದ್ರೆ ತಾನೇ ಓಡ್ತದೆ" ಎಂದು ಅವರು ಸಮಾಧಾನ ಮಾಡಿದರು. ಹೌದು, ಬೇಸಿಗೆಯಲ್ಲೇ ಸ್ವಲ್ಪ ಕಷ್ಟ, ಟೈಮು ಕೇಳಿದವರಿಗೆ ಟೈಮನ್ನಷ್ಟೇ ಹೇಳಬೇಕಾಗುತ್ತದೆ.