ಚೀಟಿಯ ಮೇಲಿನ ಶುದ್ಧ ನೀರು

ನನ್ನ ಮಗಳು ಅಂದು ಕುಡಿದದ್ದು ನೀರೇ. ವಿಷವಲ್ಲ. ಬಾಟಲಿಯ ಚೀಟಿಯೂ ಸುಳ್ಳು ಹೇಳಿರಲಿಲ್ಲ. ಅರ್ಧ ಓದಿ ಪೂರ್ತಿ ಓದಿದೆನೆಂದುಕೊಂಡವಳು ನಾನು.

ಎಂಬತ್ತನೆಯ ಇಸವಿಯ ಆಸುಪಾಸಿನ ಮಾತು. ನೀರನ್ನು ಬಾಟಲಿಯಲ್ಲಿ ಮಾರುತ್ತಾರೆಂದರೆ ನಗುತ್ತಿದ್ದ ಕಾಲ. ಸವಣೂರಿನಿಂದ ಹಾನಗಲ್ಲಿಗೆ, ಅಣ್ಣನ ಮನೆಗೆ ಹೊರಟಿದ್ದೆ. ಗಂಡ ನನ್ನ ಚೀಲದಲ್ಲಿ ಒಂದು ಗಾಜಿನ ಬಾಟಲಿ ಇಟ್ಟು, "ನಿಮ್ಮಣ್ಣಗ ಕೊಡು" ಎಂದರು. ಏನೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಐದು ವರ್ಷದ ಮಗಳು ಖಾರ ತಿಂದು, ಬಾಯಿ ಉರಿಯೆಂದು ಅಳತೊಡಗಿದಳು. ತಂಬಿಗೆಯ ನೀರು ಮುಗಿದಿತ್ತು. ಬಾಟಲಿ ತೆಗೆದೆ. ನಾನು ಓದಿದ್ದು ಎರಡನೆಯ ಇಯತ್ತೆ. ದಪ್ಪ ಅಕ್ಷರ ಕೂಡಿಸಿ ಓದಿದೆ: ಶುದ್ಧ ನೀರು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಅಂಗಡಿಯವನ ಹೆಸರಿರಬೇಕೆಂದುಕೊಂಡೆ. ಮಗಳು ಗಟಗಟನೆ ಕುಡಿದಳು.

ಪಕ್ಕದ ಸೀಟಿನ ಮಾಸ್ತರರೊಬ್ಬರು ಬಾಟಲಿ ಇಸಿದುಕೊಂಡು ನೋಡಿದರು.

"ತಂಗಿ, ಇದು ಗಾಡಿ ಬ್ಯಾಟರಿಗೆ ಹಾಕೂದು. ಕುಡೀಬಾರ್ದು ಅಂತ ಬರದಾರ."

"ನೀರು ಅಂತ ಐತಲ್ರಿ."

"ನೀರು ಹೌದು. ಆದ್ರ ಬ್ಯಾಟರಿ ಅಂಗಡ್ಯಾಗ ಇಂಥಾವ ಬಾಟ್ಲ್ಯಾಗ ಆಸಿಡ್ಡೂ ತುಂಬತಾರ. ತೊಳದು ತುಂಬ್ಯಾರೋ ಇಲ್ಲೋ, ಯಾರಿಗೆ ಗೊತ್ತು?"

ಆಸಿಡ್ ನನಗೆ ಗೊತ್ತಿತ್ತು. ಅಣ್ಣನ ಧೋತರದ ಮೇಲೆ ಟ್ರ್ಯಾಕ್ಟರ್ ಬ್ಯಾಟರಿಯ ಹನಿ ಬಿದ್ದು ಜರಡಿಯಂತೆ ತೂತಾಗಿದ್ದನ್ನು ಕಂಡಿದ್ದೆ. ಮಗಳ ಹೊಟ್ಟೆ ಆ ಧೋತರಕ್ಕಿಂತ ಗಟ್ಟಿಯೇನು?

"ಬಾಯಿ ಉರಿತೈತೇನ?" ಎಂದು ಮಗಳನ್ನು ಕೇಳಿದೆ.

"ಉರಿತೈತಿ."

ಖಾರದ ಉರಿಯೋ ಆಸಿಡ್ಡಿನದೋ, ಹೇಗೆ ತಿಳಿಯಬೇಕು? ನಾನು ಖಾರ ತಿಂದಿರಲಿಲ್ಲ. ಉಳಿದ ನೀರನ್ನು ಕುಡಿದುಬಿಟ್ಟೆ.

"ಹುಚ್ಚ ಏನ ತಂಗಿ ನಿನಗ? ಈಗ ಇಬ್ರನೂ ನಾ ಹೊತ್ಕೊಂಡು ಹೋಗ್ಬೇಕೇನ?" ಎಂದರು ಮಾಸ್ತರರು.

ನನ್ನ ಬಾಯಿ ಉರಿಯಲಿಲ್ಲ. ಆದರೂ ಅಂಜಿಕೆ ಇಳಿಯಲಿಲ್ಲ. ಬಾಟಲಿಯ ಬಾಯಿಗೆ ಮೆತ್ತಿದ್ದು ಅವಳ ಮೊದಲ ಗುಟುಕಿನಲ್ಲೇ ಹೋಗಿರಬಹುದಲ್ಲ.

ಶಿಗ್ಗಾಂವಿಯಲ್ಲಿ ಇಳಿದು, ಅವಳನ್ನೆತ್ತಿಕೊಂಡು ದವಾಖಾನೆಗೆ ಓಡಿದೆ. ಡಾಕ್ಟರು ಬಾಯಿ ತೆರೆಸಿ ನೋಡಿದರು.

"ಗಂಟ್ಲ ಸುಟ್ಟಿಲ್ಲ. ನೀರು ಕುದಿಸಿ, ಆವಿ ಹಿಡದು ಮಾಡಿದ್ದದು, ಸ್ವಚ್ಛನ ಇರತೈತಿ. ಬಾಟ್ಲಿ ಎಂಥಾದ್ದೋ ನಾ ಹೇಳಾಕ ಬರೂದಿಲ್ಲ. ನಾಳೆ ಮುಂಜಾನಿ ತನಕಾ ನೋಡ್ರಿ. ರಕ್ತ ಕಾರಿದ್ರ ಕರ್ಕೊಂಡು ಬರ್ರಿ."

ಆ ಮಾತು ಹೊತ್ತುಕೊಂಡೇ ಹಾನಗಲ್ ಮುಟ್ಟಿದೆ. ಮಗಳು ಕೆಮ್ಮಿದಾಗಲೆಲ್ಲ ಬಾಯಿ ಒರೆಸಿ ಸೆರಗು ನೋಡುತ್ತಿದ್ದೆ. ಅಣ್ಣನ ಕೈಗೆ ಖಾಲಿ ಬಾಟಲಿ ಕೊಟ್ಟೆ.

"ಟ್ರ್ಯಾಕ್ಟರಿಗೆ ತರಿಸಿದ್ದನ್ನ ನೀವ ಕುಡದ್ರೇನ?" ಎಂದು ನಗಲು ಹೋದವನು, ನನ್ನ ಮುಖ ನೋಡಿ ಮಗಳನ್ನು ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಮಗಳು ಎದ್ದು ರೊಟ್ಟಿ ಕೇಳಿದಳು. ಕೊಟ್ಟೆ. ಕೊನೆಯ ತುತ್ತು ನುಂಗುವ ತನಕ ಎದುರಿಗೇ ಕುಳಿತಿದ್ದೆ. ಆಮೇಲೆ ಅಣ್ಣನ ಮನೆಯಲ್ಲಿದ್ದ ಸೀಮೆಎಣ್ಣೆ, ಫಿನೈಲ್, ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆಯ ಬಾಟಲಿಗಳನ್ನೆಲ್ಲ ಅಂಗಳಕ್ಕೆ ತಂದೆ. ನನ್ನ ಹಳೆಯ ಕರಿ ಕುಬಸ ಹರಿದು, ಓದಲು ಬಾರದವರಿಗೂ ಕುಡಿಯಬಾರದ್ದೆಂದು ಗುರುತು ಸಿಗಲೆಂದು, ಒಂದೊಂದರ ಕುತ್ತಿಗೆಗೂ ಚಿಂದಿ ಬಿಗಿದು ಕಟ್ಟಿದೆ.