ಅರಮನೆಯ ಉಣ್ಣೆಹಾಸು

ಮ್ಯಾಡ್ರಿಡ್, ಏಪ್ರಿಲ್, ಮಂಗಳವಾರ. ಇಂದಿನ ಎರಡನೇ ಅರಮನೆ. ಹೊರಗೆ ಮರಗಳೆಲ್ಲ ಹೂಬಿಟ್ಟಿದ್ದವು. ಮತ್ತೋಡಿನಲ್ಲಿ ಕುರಿ ಸಾಕುವ ನಮ್ಮ ದೊಡ್ಡಪ್ಪ ಸಿಂಹಾಸನ ನೋಡಲೆಂದೇ ಬಂದವರು, ಅದರ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟರು. ಒಳಗೆ ಕೆಂಪು ಹಾಸಿನ ಮೇಲೆಯೇ ನಡೆಯಬೇಕಿತ್ತು.

ಬಗ್ಗಿ ಮುಟ್ಟಿ ನೋಡಿದರು. "ಉಣ್ಣೆ ಐತೆ ಕಣಲೇ. ದೇವರ ಗದ್ದುಗೆಗೆ ಹಾಸೋ ಕಂಬಳಿನ ಬೂಟುಗಾಲಲ್ಲಿ ತುಳಿದಂಗೆ ಆಗ್ತೈತೆ."

ಬೂಟು ಬಿಚ್ಚಿದರು. ಬರಿಗಾಲಲ್ಲಿ ಬಿಡುವುದಿಲ್ಲವೆಂದು ಕಾವಲಿನಾಕೆ ಸನ್ನೆ ಮಾಡಿದಳು.

"ಹಾಕ್ಕಳ್ರಿ ದೊಡ್ಡಪ್ಪ, ಇಷ್ಟು ದೂರ ಬಂದೀವಿ."

"ನೀನು ನೋಡ್ಕೊಂಡು ಬಾರಪ್ಪ."

ನಾನು ಬೂಟುಗಾಲಲ್ಲೇ ಹೋಗಿ ಬಂದೆ. ದೊಡ್ಡಪ್ಪ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು.

"ರಾಜ ಕೂರಾಕೆ ಏನ್ ಹಾಸವ್ರೆ?"

"ಮಖಮಲ್ಲು."

"ಕಂಬಳಿ ಇಲ್ಲವಾ?"

"ಇಲ್ಲ."

ದೊಡ್ಡಪ್ಪ ಬೂಟಿನ ದಾರ ಬಿಗಿದುಕೊಂಡರು. "ಕಂಬಳಿ ಹಾಸದೆ ಗದ್ದುಗೆ ಹೆಂಗಾದೀತು? ಬರೀ ಕುರ್ಚಿ. ನಡಿ, ಹೋಗಾಣ."