ಊಟಕ್ಕೆ ಮುಂಚೆ ಯಾರೂ ಸಾಯಬಾರದು

ನನ್ನ ಮೊದಲ ಕಾದಂಬರಿಯ ಎರಡನೆಯ ಮುದ್ರಣಕ್ಕೆ ಕರಡು ತಿದ್ದುತ್ತಿದ್ದೆ. ಬಿಸಿಲಿರುವಾಗಲೇ ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತು; ಕೊನೆಯ ಅಧ್ಯಾಯದ ಮೇಲಿದ್ದ ಪೆನ್ನು ನಿಂತಿತು.

ನಿಮ್ಮ ಮೆಚ್ಚಿನ ಲೇಖಕರು ಯಾರೆಂದು ಕೇಳಿದವರಿಗೆ ನಾನು ಹೇಳುವ ಹೆಸರುಗಳು ಘನವಾದವು. ಅರ್ಧದಷ್ಟು ಜನರನ್ನು ಓದಿಯೂ ಇದ್ದೇನೆ. ಹೇಳದೆ ಉಳಿಯುವ ಹೆಸರು ಸದಲಗಾದ ನನ್ನ ಚಿಕ್ಕಮ್ಮ ಪದ್ಮಾ ಕಾಕುವಿನದು. ಎಂಬತ್ತರ ದಶಕದ ಮಧ್ಯಾಹ್ನಗಳಲ್ಲಿ ಓಣಿಯ ಹೆಂಗಸರು ಶೇಂಗಾ ಸುಲಿಯುತ್ತ ಕುಳಿತರೆ, ಕಾಕು ಕೊಲ್ಲಾಪುರದಿಂದ ಬಂದ ಮರಾಠಿ ಕಾದಂಬರಿಯನ್ನು ಕಣ್ಣಲ್ಲಿ ಓದಿ ಬಾಯಲ್ಲಿ ಕನ್ನಡ ಹೇಳುತ್ತಿದ್ದಳು. ಮರುದಿನ ಪುಸ್ತಕ ಬೇರೆ ಓಣಿಗೆ ಹೋಗಬೇಕು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟವೂ ಮುಗಿಯಬೇಕು. ಹೀಗಾಗಿ ಬಿಸಿಲು ಹೊಸ್ತಿಲು ದಾಟಿತೆಂದರೆ ಖಳನಾಯಕರು ಗಡಿಬಿಡಿಯಲ್ಲಿ ಪಶ್ಚಾತ್ತಾಪಪಡುತ್ತಿದ್ದರು, ಕ್ಷಯರೋಗಿಗಳು ಎದ್ದು ಕೂರುತ್ತಿದ್ದರು. ಸತ್ತವರನ್ನು ನೆನೆಯುತ್ತ ಕುಳಿತರೆ ತುತ್ತು ಇಳಿಯದು ಎಂಬುದು ಅವಳ ಕಾವ್ಯಮೀಮಾಂಸೆ. ಕಾಲೇಜಿನಲ್ಲಿ ಅವೇ ಪುಸ್ತಕಗಳನ್ನು ಓದಿದೆ. ಮುಕ್ಕಾಲು ಜನ ಸತ್ತಿದ್ದರು. ಮೂಲ ಲೇಖಕರಿಗೆ ಊಟದ ಚಿಂತೆ ಇರಲಿಲ್ಲವೆಂದು ಕಾಣುತ್ತದೆ.

ಮುಂದೆ ಚಿಕ್ಕೋಡಿಯಲ್ಲಿ ವರದಿಗಾರನಾದೆ. ಸಾವಿನ ಸುದ್ದಿಯನ್ನು ಇಬ್ಬರನ್ನು ಕೇಳಿಯೇ ಬರೆಯುವ ಶಿಸ್ತು ಬಂತು. ತೊಂಬತ್ತರ ದಶಕದಲ್ಲಿ ಕಾದಂಬರಿ ಬರೆದು, ನಾಯಕಿಯನ್ನು ದೂಧಗಂಗೆಯಲ್ಲಿ ಇಡೀ ಒಂದು ಅಧ್ಯಾಯದುದ್ದಕ್ಕೂ ಮುಳುಗಿಸಿದೆ. ಬೆಂಗಳೂರಿನ ವಿಮರ್ಶಕರು ನಡುಗಿದರಂತೆ. ನನಗೆ ಬೇಕಾಗಿದ್ದದ್ದು ಕಾಕುವಿನ ಪಡಸಾಲೆ ನಡುಗುವುದು. ಅವಳ ಬಾಯಿಂದ ಒಂದು ಸಾವು, ಬರೆದದ್ದು ಬರೆದಂತೆ. ಒಂದು ಪ್ರತಿ ಹಿಡಿದು ಸದಲಗಾಕ್ಕೆ ಹೋಗಿ ಅವಳ ಕೈಗಿತ್ತೆ. ಪುಸ್ತಕ ಕನ್ನಡದ್ದು, ಲೇಖಕ ಎದುರಿಗೇ ಕುಳಿತಿದ್ದಾನೆ. ಬದಲಿಸುವುದು ಹೇಗೆ?

ಓದು ನದಿಗೆ ಬಂತು. ಶೇಂಗಾ ಸುಲಿಯುವ ಕೈಗಳು ನಿಂತವು. ಕಾಕು ಹೊಸ್ತಿಲ ಕಡೆ ನೋಡಿದಳು.

"ಆಮ್ಯಾಗ ಅಕಿ ಈಸಿ ದಂಡಿಗೆ ಬಂದ್ಲು," ಎಂದು ಪುಸ್ತಕ ಮುಚ್ಚಿದಳು.

"ಕಾಕು, ಅಕಿಗೆ ಈಸಾಕ ಬರೂದಿಲ್ಲಂತ ಬರದೀನಿ!"

"ಹೊಳಿ ದಂಡಿ ಹುಡುಗಿಗೆ ಈಸಾಕ ಬರೂದಿಲ್ಲ? ಪೇಪರ್‌ದಾಂವ ಅಂತೀ, ಇಷ್ಟರೆ ವಿಚಾರಿಸಬಾರದೇನ್ಲೇ?"

ಸೆರಗಿನ ಸಿಪ್ಪೆ ಝಾಡಿಸುತ್ತ ಎದ್ದ ಮುದುಕಿಯೊಬ್ಬಳು ನನಗೆ ಸಮಾಧಾನ ಹೇಳಿದಳು: "ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮುಂದಿಂದು ಛಲೋ ಬರೀತೀರಿ."

"ಏಳ, ತಾಟ ಹಾಕೇನಿ," ಎಂದಳು ಕಾಕು.

ಅವಮಾನವಾಗಿತ್ತು. ಆದರೂ ರೊಟ್ಟಿ ಎರಡು ಹೆಚ್ಚೇ ಇಳಿದವು.

ಕಾಕು ಈಗಿಲ್ಲ. ಆ ಸುದ್ದಿಯನ್ನೂ ಇಬ್ಬರನ್ನು ಕೇಳಿದ್ದೆ, ಇಬ್ಬರೂ ಹೌದೆಂದರು.

ನಾಯಕಿಯನ್ನು ನೀರಿನಿಂದ ಎತ್ತುವ ಧೈರ್ಯ ನನಗಿಲ್ಲ. ವಿಮರ್ಶಕರಿಗೆ ಮುಖ ತೋರಿಸಬೇಕು. 'ಅವಳಿಗೆ ಈಜು ಬರುತ್ತಿರಲಿಲ್ಲ' ಎಂಬ ಸಾಲನ್ನು ಮಾತ್ರ ಹೊಡೆದುಹಾಕಿ, ಬೆಳಕಿರುವಾಗಲೇ ಊಟಕ್ಕೆ ಎದ್ದೆ.